ಅಮರೀಶ್ ಪುರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಹಿಂದಿ ಸಿನಿಮಾಗಳ ಮಾತು ಎಲ್ಲಿ ಶುರುವಾದರೂ ಅಮರೀಶ್ ಪುರಿ ಅವರ ಹೆಸರು ಬಂದೇ ಬರುತ್ತದೆ. ಹೆಸರು ಬಂದ ಕೂಡಲೇ ಪ್ರಶ್ನೆಗಳೂ ಬರುತ್ತವೆ. ಎದುರು ಸಿಕ್ಕಾಗ ಕೇಳಿದ್ದು, ಪತ್ರದಲ್ಲಿ ಬರೆದದ್ದು, ಮೆಸೇಜ್ ಹಾಕಿದ್ದು ಎಲ್ಲ ಸೇರಿಸಿ, ಮತ್ತೆ ಮತ್ತೆ ಬಂದವನ್ನು ಇಲ್ಲಿ ಇಟ್ಟಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ. ಮೊದಲು ಸುಲಭದವು, ಆಮೇಲೆ ಅಭಿನಯದ ಒಳಗೆ ಇಳಿಯುವಂಥವು.

## ಮೊದಲ ಪರಿಚಯ

ಅಮರೀಶ್ ಪುರಿ ಅಂದ್ರೆ ಯಾರು ಅಂತ ಮಗಳು ಕೇಳಿದಳು. ಚಿಕ್ಕದಾಗಿ ಹೇಗೆ ಹೇಳಲಿ?

‘ಮಿಸ್ಟರ್ ಇಂಡಿಯಾ’ ಸಿನಿಮಾದಲ್ಲಿ ‘ಮೊಗ್ಯಾಂಬೋ ಖುಷ್ ಹುವಾ’ ಅಂದ ವಿಲನ್ ಅಂತ ಹೇಳಿ. ಅಲ್ಲಿಂದ ಶುರು ಮಾಡಿದರೆ ತಪ್ಪೇನಿಲ್ಲ. ಆಮೇಲೆ ನಿಧಾನವಾಗಿ ಉಳಿದದ್ದು ಹೇಳಿ: 1932ರ ಜೂನ್ 22ರಂದು ಪಂಜಾಬಿನಲ್ಲಿ ಹುಟ್ಟಿ, ಮುಂಬೈಯ ಹಿಂದಿ ರಂಗಭೂಮಿಯಲ್ಲಿ ಬೆಳೆದು, 400ಕ್ಕೂ ಹೆಚ್ಚು ಸಿನಿಮಾಗಳಲ್ಲಿ ನಟಿಸಿದವರು. ಹೀರೋ ಆಗಿ ಮೆರೆದವರಲ್ಲ. ವಿಲನ್, ಅಪ್ಪ, ಜಮೀನ್ದಾರ, ವಕೀಲ, ಮುಖ್ಯಮಂತ್ರಿ, ಪೊಲೀಸ್ ಕಾನ್‌ಸ್ಟೆಬಲ್, ಹೀಗೆ ಹೀರೋ ಎದುರಿಗೋ ಪಕ್ಕಕ್ಕೋ ನಿಲ್ಲುವ ಪಾತ್ರಗಳು. ಆದರೂ 1980 ಮತ್ತು 90ರ ದಶಕದ ಹಿಂದಿ ಸಿನಿಮಾ ಅಂದ ಕೂಡಲೇ ನೆನಪಾಗುವ ಮುಖಗಳಲ್ಲಿ ಅವರದ್ದು ಒಂದು.

ಓಂ ಪುರಿ ಇವರ ತಮ್ಮನಾ?

ಅಲ್ಲ. ಇಬ್ಬರಿಗೂ ರಕ್ತಸಂಬಂಧವಿಲ್ಲ. ಹೆಸರು ಒಂದೇ, ಇಬ್ಬರೂ ಪಂಜಾಬಿಗಳು, ಇಬ್ಬರೂ ನಾಟಕದಿಂದ ಬಂದವರು, ಒಂದೇ ಕಾಲದ ಒಂದೇ ಬಗೆಯ ಸಿನಿಮಾಗಳಲ್ಲಿ ಕಾಣಿಸಿಕೊಂಡವರು. ಹಾಗಾಗಿ ಈ ಗೊಂದಲ. 1983ರ ‘ಅರ್ಧ್ ಸತ್ಯ’ದಲ್ಲಂತೂ ಅಮರೀಶ್ ಪುರಿ ಅಪ್ಪ, ಓಂ ಪುರಿ ಮಗ.

ನಿಜವಾದ ಅಣ್ಣಂದಿರು ಚಮನ್ ಪುರಿ ಮತ್ತು ಮದನ್ ಪುರಿ. ಇಬ್ಬರೂ ನಟರೇ. ಮದನ್ ಪುರಿ ಅವರನ್ನು ಹಳೆಯ ಸಿನಿಮಾ ನೋಡುವವರಿಗೆ ಬೇರೆ ಹೇಳಬೇಕಾಗಿಲ್ಲ, ಅವರೂ ಹೆಸರಾಂತ ಖಳನಟ. ಗಾಯಕ, ನಟ ಕೆ.ಎಲ್. ಸೈಗಲ್ ಕೂಡ ಇವರಿಗೆ ಹತ್ತಿರದ ಸಂಬಂಧಿ, ದಾಯಾದಿ ಅಣ್ಣ.

ಅಣ್ಣಂದಿರು ಸಿನಿಮಾದಲ್ಲಿದ್ದರೂ ಇವರು ನಲವತ್ತು ವರ್ಷ ಆಗೋವರೆಗೂ ಯಾಕೆ ಬರಲಿಲ್ಲ?

ಬರಲಿಲ್ಲ ಅಲ್ಲ, ಬರಲು ಬಿಡಲಿಲ್ಲ. 1950ರ ದಶಕದಲ್ಲಿ ಮುಂಬೈಗೆ ಬಂದಾಗ ಇವರಿಗೂ ಹೀರೋ ಆಗುವ ಆಸೆಯೇ ಇತ್ತು. ಸ್ಕ್ರೀನ್ ಟೆಸ್ಟ್ ಕೊಟ್ಟರು. ಮುಖ ಒರಟು ಅಂದುಬಿಟ್ಟರು. ಆ ಕಾಲದ ಹೀರೋಗಳ ಮುಖ ನೆನಪಿಸಿಕೊಳ್ಳಿ, ಇವರ ಅಗಲ ದವಡೆ, ದೊಡ್ಡ ಕಣ್ಣು ಅಲ್ಲಿ ಹೊಂದುತ್ತಿರಲಿಲ್ಲ.

ಹೊಟ್ಟೆಪಾಡಿಗೆ ಇಎಸ್‌ಐ ನಿಗಮದಲ್ಲಿ ಗುಮಾಸ್ತೆ ಕೆಲಸಕ್ಕೆ ಸೇರಿಕೊಂಡರು. ಕಾರ್ಮಿಕರಿಗೆ ಆಸ್ಪತ್ರೆ, ವಿಮೆ ನೋಡಿಕೊಳ್ಳುವ ಅದೇ ಸರ್ಕಾರಿ ಸಂಸ್ಥೆ. ಅಲ್ಲೇ ಎರಡು ದಶಕ ದುಡಿದರು. ಮುಂದೆ ಹೆಂಡತಿಯಾದ ಊರ್ಮಿಳಾ ಅವರ ಪರಿಚಯವಾದದ್ದೂ ಆ ಆಫೀಸಿನಲ್ಲೇ. ಹಗಲು ಫೈಲು, ಸಂಜೆ ನಾಟಕದ ರಿಹರ್ಸಲ್. ರಂಗಭೂಮಿಗೆ ಕರೆತಂದವರು ಇಬ್ರಾಹಿಂ ಅಲ್ಕಾಜಿ. ಆಮೇಲೆ ನಾಟಕ ನಿರ್ದೇಶಕ ಸತ್ಯದೇವ್ ದುಬೆ ಸಿಕ್ಕರು. ದುಬೆ ವಯಸ್ಸಿನಲ್ಲಿ ಇವರಿಗಿಂತ ಚಿಕ್ಕವರು, ಆದರೂ ದುಬೆಯವರನ್ನು ಪುರಿ ಗುರು ಅಂತಲೇ ಕಂಡರು.

ಸಿನಿಮಾದಲ್ಲಿ ಜನ ಗಮನಿಸುವಂಥ ಪಾತ್ರ ಸಿಕ್ಕಿದ್ದು 1971ರ ‘ರೇಶ್ಮಾ ಔರ್ ಶೇರಾ’ದಲ್ಲಿ, ಆಗ ವಯಸ್ಸು 39. ಆದರೂ ಕೆಲಸ ಬಿಡಲಿಲ್ಲ. ಸಿನಿಮಾದಿಂದಲೇ ಮನೆ ನಡೆಯುತ್ತದೆ ಅಂತ ಖಾತ್ರಿಯಾದ ಮೇಲೆಯೇ ರಾಜೀನಾಮೆ ಕೊಟ್ಟದ್ದು. ಮನೆ, ಮಕ್ಕಳು ಇದ್ದವರಿಗೆ ಈ ಲೆಕ್ಕಾಚಾರ ಚೆನ್ನಾಗಿ ಅರ್ಥವಾಗುತ್ತದೆ. ಈ ಕಾಯುವಿಕೆಯಿಂದ ಒಂದು ಲಾಭವೂ ಆಯಿತು ಅಂತ ನನಗನಿಸುತ್ತದೆ. ಕ್ಯಾಮೆರಾ ಮುಂದೆ ಬಂದಾಗ ಅವರು ಕಲಿಯುತ್ತಿರುವ ಹುಡುಗ ಆಗಿರಲಿಲ್ಲ, ಪಳಗಿದ ನಟ ಆಗಿದ್ದರು.

ಕನ್ನಡದಲ್ಲೂ ಮಾಡಿದ್ದಾರಂತೆ, ನಿಜನಾ?

ನಿಜ. ಅದೂ ಹಿಂದಿಯಲ್ಲಿ ಹೆಸರು ಮಾಡುವ ಎಷ್ಟೋ ಮುಂಚೆ. 1973ರ ‘ಕಾಡು’. ಶ್ರೀಕೃಷ್ಣ ಆಲನಹಳ್ಳಿ ಅವರ ಕಾದಂಬರಿ, ಗಿರೀಶ್ ಕಾರ್ನಾಡರ ನಿರ್ದೇಶನ, ಬಿ.ವಿ. ಕಾರಂತರ ಸಂಗೀತ, ಗೋವಿಂದ್ ನಿಹಲಾನಿ ಅವರ ಛಾಯಾಗ್ರಹಣ. ಪುರಿ ಅದರಲ್ಲಿ ಚಂದ್ರೇಗೌಡ. ಹೆಂಡತಿ ಕಮಲಿಯಾಗಿ ನಟಿಸಿದ ನಂದಿನಿ ಭಕ್ತವತ್ಸಲ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು.

ಪಂಜಾಬಿನ ಮನುಷ್ಯ ನಮ್ಮ ಹಳ್ಳಿ ಗೌಡ ಆದದ್ದು ಹೇಗೆ ಅಂತ ಅನುಮಾನ ಇದ್ದವರು ಒಮ್ಮೆ ನೋಡಿ. ಇಡೀ ಕಥೆಯನ್ನು ನಾವು ನೋಡುವುದು ಕಿಟ್ಟಿ ಎಂಬ ಪುಟ್ಟ ಹುಡುಗನ ಕಣ್ಣಿಂದ. ಹಾಗಾಗಿ ಗೌಡ ನಮಗೂ ದೊಡ್ಡವನಾಗಿ, ಸ್ವಲ್ಪ ಭಯ ಹುಟ್ಟಿಸುವವನಾಗಿಯೇ ಕಾಣುತ್ತಾನೆ. ಅವನು ಮನೆಯಲ್ಲಿ ಹೆಂಡತಿ ಇದ್ದೂ ಪಕ್ಕದೂರಿನ ಹೆಣ್ಣಿನ ಹತ್ತಿರ ಹೋಗುವವನು. ಆದರೆ ಪುರಿ ಅವನನ್ನು ದುಷ್ಟ ಅಂತ ತೋರಿಸುವುದಿಲ್ಲ. ಊರಿನಲ್ಲಿ ತನ್ನನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ ಎಂಬ ಸಲೀಸು ಅವನ ನಡಿಗೆಯಲ್ಲೇ ಇದೆ. ಅಂಥ ಗೌಡರನ್ನು ನಾವೆಲ್ಲ ನೋಡಿದ್ದೇವೆ.

ತುಂಬ ವರ್ಷಗಳ ನಂತರ, 2004ರಲ್ಲಿ, ರಾಜೇಂದ್ರ ಸಿಂಗ್ ಬಾಬು ಅವರ ‘ಲವ್’ ಚಿತ್ರದಲ್ಲೂ ಕಾಣಿಸಿಕೊಂಡರು. ಆದರೆ ಕನ್ನಡದವರಾಗಿ ನಾವು ನೋಡಲೇಬೇಕಾದದ್ದು ‘ಕಾಡು’.

## ವಿಲನ್ ಆದ ಕಥೆ

ಆರ್ಟ್ ಸಿನಿಮಾ ಮಾಡ್ಕೊಂಡಿದ್ದವರು ಮಸಾಲೆ ಸಿನಿಮಾದ ವಿಲನ್ ಆಗಿದ್ದು ಹೇಗೆ?

ಇದರ ಹಿಂದೆ ನಮ್ಮ ಪುಟ್ಟಣ್ಣ ಕಣಗಾಲ್ ಇದ್ದಾರೆ ಅಂದರೆ ಎಷ್ಟೋ ಜನ ನಂಬುವುದಿಲ್ಲ. ಪುಟ್ಟಣ್ಣನವರ ‘ಪಡುವಾರಳ್ಳಿ ಪಾಂಡವರು’ 1978ರಲ್ಲಿ ಬಂತು. ಜಮೀನ್ದಾರನ ದಬ್ಬಾಳಿಕೆಗೆ ಎದುರು ನಿಲ್ಲುವ ಐವರು ಹಳ್ಳಿ ಹುಡುಗರ ಕಥೆ. ಅದೇ ಕಥೆಯನ್ನು ತೆಲುಗು ನಿರ್ದೇಶಕ ಬಾಪು ಮೊದಲು ತೆಲುಗಿನಲ್ಲಿ, ಆಮೇಲೆ 1980ರಲ್ಲಿ ‘ಹಮ್ ಪಾಂಚ್’ ಅಂತ ಹಿಂದಿಯಲ್ಲಿ ಮಾಡಿದರು. ಹಿಂದಿಯ ಜಮೀನ್ದಾರ ಅಮರೀಶ್ ಪುರಿ. ಮಾಮೂಲಿ ಪ್ರೇಕ್ಷಕರು, ದೊಡ್ಡ ನಿರ್ಮಾಪಕರು ಇವರನ್ನು ಪೂರ್ತಿ ವಿಲನ್ ಆಗಿ ಕಂಡದ್ದು ಅಲ್ಲಿಂದ. ಆಗ ಅವರಿಗೆ 48 ವರ್ಷ.

ಅದಕ್ಕೂ ಮುಂಚೆ ಶ್ಯಾಮ್ ಬೆನೆಗಲ್ ಅವರ ಸಿನಿಮಾಗಳಲ್ಲಿ ಇದಕ್ಕೆಲ್ಲ ತಯಾರಿ ನಡೆದಿತ್ತು. 1975ರ ‘ನಿಶಾಂತ್’ನಲ್ಲಿ ತೆಲಂಗಾಣದ ಜಮೀನ್ದಾರಿ ಮನೆಯ ಹಿರಿಯಣ್ಣ. 1976ರ ‘ಮಂಥನ್’ನಲ್ಲಿ ಹಾಲಿನ ಡೈರಿ ಮಾಲೀಕ ಮಿಶ್ರಾ. ಈ ಮಿಶ್ರಾನನ್ನು ಗಮನಿಸಿ. ಗುಜರಾತಿನ ಹಳ್ಳಿಗೆ ಸಹಕಾರ ಸಂಘ ಕಟ್ಟಲು ಬಂದ ಡಾಕ್ಟರ್ ರಾವ್ ಆಗಿ ಗಿರೀಶ್ ಕಾರ್ನಾಡ್ ಇದ್ದಾರೆ. ಅವರ ಎದುರು ಮಿಶ್ರಾ ದನಿ ಏರಿಸುವುದಿಲ್ಲ. ನಯವಾಗಿ, ನಗುನಗುತ್ತಾ ಮಾತಾಡುತ್ತಾನೆ. ಹಳ್ಳಿಯವರ ಹಾಲನ್ನು ಕಡಿಮೆ ಬೆಲೆಗೆ ಕೊಳ್ಳುತ್ತಲೇ ಅವರಿಗೆ ಉಪಕಾರ ಮಾಡುತ್ತಿರುವಂತೆ ಇರುತ್ತಾನೆ. ಕತ್ತಿ ಹಿಡಿದ ವಿಲನ್‌ಗಿಂತ ಈ ವ್ಯಾಪಾರಿ ನನಗೆ ಜಾಸ್ತಿ ಭಯ ಹುಟ್ಟಿಸುತ್ತಾನೆ.

‘ಹಮ್ ಪಾಂಚ್’ ಆದಮೇಲೆ ತಿರುಗಿ ನೋಡಲಿಲ್ಲ. ‘ವಿಧಾತಾ’, ‘ಶಕ್ತಿ’, ‘ಹೀರೋ’, ‘ಮೇರಿ ಜಂಗ್’, ಒಂದರ ಹಿಂದೆ ಒಂದು.

ಮೊಗ್ಯಾಂಬೋ ಒಂದು ಕಾರ್ಟೂನ್ ಪಾತ್ರ. ಅದನ್ನ ಇಷ್ಟು ಹೊಗಳೋದು ಯಾಕೆ?

ಕಾರ್ಟೂನ್ ಪಾತ್ರವೇ, ನಿಜ. 1987ರ ‘ಮಿಸ್ಟರ್ ಇಂಡಿಯಾ’ ಮಕ್ಕಳಿಗೂ ಮಾಡಿದ ಸಿನಿಮಾ. ಶೇಖರ್ ಕಪೂರ್ ನಿರ್ದೇಶನ, ಸಲೀಂ–ಜಾವೇದ್ ಬರವಣಿಗೆ. ಹೊಂಬಣ್ಣದ ವಿಗ್, ಚಿನ್ನದ ಕಸೂತಿಯ ಕೋಟು, ದ್ವೀಪದಲ್ಲೊಂದು ಅರಮನೆ, ಎದುರಿಗೆ ಕುದಿಯುವ ಆಸಿಡ್ ಕೊಳ. ಇಷ್ಟೆಲ್ಲ ಅಬ್ಬರ ಸುತ್ತ ಇದ್ದಾಗ ನಟ ಏನು ಮಾಡಬೇಕು? ಬೇರೆ ಯಾರಾದರೂ ಆಗಿದ್ದರೆ ಅದಕ್ಕಿಂತ ಜೋರಾಗಿ ಕೂಗುತ್ತಿದ್ದರು.

ಪುರಿ ಕೂತುಬಿಟ್ಟರು. ಆ ಸಿನಿಮಾದಲ್ಲಿ ಮೊಗ್ಯಾಂಬೋ ಎಷ್ಟು ಕಡಿಮೆ ಓಡಾಡುತ್ತಾನೆ ನೋಡಿ. ಸಿಂಹಾಸನದ ಮೇಲೆ ಕೂತು, ಕೈಯಿಟ್ಟ ಕಡೆ ಇರುವ ಗೋಳದ ಮೇಲೆ ಬೆರಳು ಆಡಿಸುತ್ತಾನೆ. ಉಂಗುರ ತೊಟ್ಟ ಬೆರಳುಗಳು ಮಾತ್ರ ಚಲಿಸುತ್ತವೆ, ಮುಖ ಸ್ಥಿರ. ನಾವು ಆ ಬೆರಳನ್ನೇ ನೋಡುತ್ತಾ ಕೂರುತ್ತೇವೆ. ಆಮೇಲೆ ‘ಮೊಗ್ಯಾಂಬೋ’ ಅಂತ ತನ್ನ ಹೆಸರು ತಾನೇ ಹೇಳಿ, ಒಂದು ಗಳಿಗೆ ಬಿಟ್ಟು, ‘ಖುಷ್ ಹುವಾ’. ಆ ಬಿಟ್ಟ ಗಳಿಗೆಯಲ್ಲಿ ಎದುರಿಗಿದ್ದವನ ಜೀವ ಹೋಗುತ್ತೋ ಉಳಿಯುತ್ತೋ ಗೊತ್ತಿರುವುದಿಲ್ಲ. ಮಾತು ಬರೆದವರದ್ದು, ಆ ನಿಲುಗಡೆ ನಟನದ್ದು. ದೇಶದ ಗಲ್ಲಿಗಲ್ಲಿಯ ಮಕ್ಕಳು ಅನುಕರಿಸಿದ್ದು ಮಾತನ್ನಷ್ಟೇ ಅಲ್ಲ, ಆ ನಿಲುಗಡೆಯನ್ನೂ ಸೇರಿಸಿಯೇ.

ತಲೆ ಯಾವಾಗ ಬೋಳಿಸಿಕೊಂಡ್ರು?

ಸ್ಟೀವನ್ ಸ್ಪೀಲ್‌ಬರ್ಗ್ ಅವರ 1984ರ ‘ಇಂಡಿಯಾನಾ ಜೋನ್ಸ್ ಅಂಡ್ ದ ಟೆಂಪಲ್ ಆಫ್ ಡೂಮ್’ ಚಿತ್ರಕ್ಕಾಗಿ. ಅದರಲ್ಲಿ ಮೋಲಾ ರಾಮ್ ಎಂಬ ನರಬಲಿ ಕೊಡುವ ಪೂಜಾರಿ. ಸಿನಿಮಾ ಮುಗಿದ ಮೇಲೂ ತಲೆಯನ್ನು ಹಾಗೇ ಉಳಿಸಿಕೊಂಡರು. ಅದರಿಂದ ಕೆಲಸಕ್ಕೆ ಅನುಕೂಲವೇ ಆಯಿತು: ಬೋಳು ತಲೆಯ ಮೇಲೆ ಯಾವ ವಿಗ್ ಬೇಕಾದರೂ ಕೂರುತ್ತದೆ. ಒಂದು ಸಿನಿಮಾದಲ್ಲಿ ಜಟೆ, ಇನ್ನೊಂದರಲ್ಲಿ ಪೇಟ, ಮತ್ತೊಂದರಲ್ಲಿ ಏನೂ ಇಲ್ಲ. ವರ್ಷಕ್ಕೆ ಅಷ್ಟೊಂದು ಸಿನಿಮಾ ಮಾಡುತ್ತಿದ್ದವರಿಗೆ ಒಬ್ಬ ವಿಲನ್ ಇನ್ನೊಬ್ಬನ ಹಾಗೆ ಕಾಣದಿರಲು ಇದೊಂದು ದಾರಿ.

ಆ ಇಂಗ್ಲಿಷ್ ಸಿನಿಮಾದಲ್ಲಿ ನಮ್ಮ ದೇಶವನ್ನ ಅಷ್ಟು ಕೆಟ್ಟದಾಗಿ ತೋರಿಸಿದ್ದಾರಲ್ಲ, ಇವರು ಯಾಕೆ ಒಪ್ಪಿಕೊಂಡ್ರು?

ಕೋಪ ಬರುವುದು ಸಹಜ. ಮಂಗನ ಮೆದುಳಿನ ಊಟ, ಕಾಳಿಯ ಹೆಸರಲ್ಲಿ ಎದೆ ಬಗೆದು ಹೃದಯ ಕೀಳುವುದು, ಇದೆಲ್ಲ ಭಾರತ ಅಂತ ತೋರಿಸಿದರೆ ಯಾರಿಗೆ ಇಷ್ಟವಾಗುತ್ತದೆ? ಚಿತ್ರಕಥೆ ನೋಡಿದ ನಮ್ಮ ಸರ್ಕಾರ ಇಲ್ಲಿ ಚಿತ್ರೀಕರಣಕ್ಕೆ ಒಪ್ಪಲಿಲ್ಲ. ಹಾಗಾಗಿ ಶ್ರೀಲಂಕಾದ ಕ್ಯಾಂಡಿಯ ಸುತ್ತಮುತ್ತ ಮತ್ತು ಇಂಗ್ಲೆಂಡಿನ ಸ್ಟುಡಿಯೋದಲ್ಲಿ ಚಿತ್ರೀಕರಿಸಿದರು. ಸಿನಿಮಾಕ್ಕೆ ಇಲ್ಲಿ ಸ್ವಲ್ಪ ಕಾಲ ನಿಷೇಧವೂ ಇತ್ತು.

ಪುರಿ ತಮ್ಮ ಆತ್ಮಕಥೆಯಲ್ಲಿ ಇದಕ್ಕೆ ನೇರವಾಗಿ ಉತ್ತರಿಸಿದ್ದಾರೆ. ಸ್ಪೀಲ್‌ಬರ್ಗ್ ಜೊತೆ ಕೆಲಸ ಮಾಡಿದ್ದಕ್ಕೆ ತಮಗೆ ಬೇಸರವಿಲ್ಲ, ದೇಶಕ್ಕೆ ಅವಮಾನ ಮಾಡಿದೆ ಅಂತ ಅನಿಸಿಲ್ಲ ಅನ್ನುವುದು ಅವರ ನಿಲುವು. ನನ್ನ ಮಟ್ಟಿಗೆ, ಸಿನಿಮಾ ಬರೆದವರ ಅಜ್ಞಾನಕ್ಕೆ ಕ್ಷಮೆ ಇಲ್ಲ. ಆದರೆ ನಟನ ಕೆಲಸವನ್ನು ಬೇರೆಯಾಗಿ ನೋಡಬೇಕು. ಬೇರೆ ದೇಶದ ಪ್ರೇಕ್ಷಕರ ಎದುರು, ತಮ್ಮದಲ್ಲದ ಭಾಷೆಯ ಸಿನಿಮಾದಲ್ಲಿ, ಬರೀ ಕಣ್ಣು ಮತ್ತು ದನಿಯಿಂದ ಹೆದರಿಕೆ ಹುಟ್ಟಿಸಿದ್ದಾರೆ. ಅದಕ್ಕೂ ಮುಂಚೆ, 1982ರ ‘ಗಾಂಧಿ’ಯಲ್ಲಿ ದಕ್ಷಿಣ ಆಫ್ರಿಕಾದ ವ್ಯಾಪಾರಿ ಖಾನ್ ಆಗಿ ಅವರದ್ದು ಘನತೆಯ ಚಿಕ್ಕ ಪಾತ್ರ. ಅದನ್ನು ಯಾರೂ ನೆನಪಿಸಿಕೊಳ್ಳುವುದಿಲ್ಲ ಅನ್ನುವುದೇ ಬೇಜಾರು.

ತೆಲುಗು, ತಮಿಳಿನಲ್ಲಿ ಯಾವುದು ನೋಡಬೇಕು?

ತೆಲುಗಿನಲ್ಲಿ ‘ಜಗದೇಕ ವೀರುಡು ಅತಿಲೋಕ ಸುಂದರಿ’ಯ ಮಾಂತ್ರಿಕ, ‘ಆದಿತ್ಯ 369’. ತಮಿಳಿನಲ್ಲಿ ಮಣಿರತ್ನಂ ಅವರ ‘ದಳಪತಿ’, ರಜನಿ ಎದುರು. ಮಲಯಾಳದಲ್ಲಿ ಅಂಡಮಾನ್ ಜೈಲಿನ ಕಥೆ ‘ಕಾಲಾಪಾನಿ’. ದಕ್ಷಿಣದ ಸಿನಿಮಾಗಳಲ್ಲಿ ಎಷ್ಟೋ ಕಡೆ ಬೇರೆಯವರ ದನಿ ಇರುತ್ತದೆ, ಹಾಗಾಗಿ ಅರ್ಧ ಪುರಿ ಮಾತ್ರ ಸಿಗುತ್ತಾರೆ.

## ಖಳನಾಯಕನ ಆಚೆ

ಒಳ್ಳೆಯವನಾಗಿ ನಟಿಸಿಲ್ವಾ? ಬರೀ ವಿಲನ್ನೇ?

ಬೇಕಾದಷ್ಟು ನಟಿಸಿದ್ದಾರೆ, ಮತ್ತು ನನಗೆ ಅವೇ ಹೆಚ್ಚು ಇಷ್ಟ.

1993ರ ‘ಗರ್ದಿಶ್’ ನೋಡಿ. ಪ್ರಾಮಾಣಿಕ ಪೊಲೀಸ್ ಕಾನ್‌ಸ್ಟೆಬಲ್. ಮಗ ಇನ್ಸ್‌ಪೆಕ್ಟರ್ ಆಗಬೇಕು ಎಂಬುದೊಂದೇ ಕನಸು. ಮಗ ರೌಡಿ ಪಟ್ಟ ಹೊತ್ತು ನಿಲ್ಲುತ್ತಾನೆ. ಅಷ್ಟು ದೊಡ್ಡ ದೇಹ ಕುಗ್ಗುವುದನ್ನು ನೋಡುವುದು ಕಷ್ಟ. 1996ರ ‘ಘಾತಕ್’ನಲ್ಲಿ ಕಾಯಿಲೆ ಬಿದ್ದ ಅಪ್ಪ, ಸ್ವಾತಂತ್ರ್ಯ ಹೋರಾಟ ಕಂಡ ಹಿರಿಯ. ಅವರ ಕೊರಳಿಗೆ ನಾಯಿಯ ಪಟ್ಟಿ ಹಾಕಿ ಅವಮಾನ ಮಾಡುವ ದೃಶ್ಯವಿದೆ. ಬೇರೆ ಸಿನಿಮಾಗಳಲ್ಲಿ ಇಂಥ ಅವಮಾನಗಳನ್ನು ಮಾಡುತ್ತಿದ್ದವರೇ ಇವರು. ಇಲ್ಲಿ ಅದನ್ನು ಅನುಭವಿಸುವವರಾಗಿದ್ದಾರೆ. ನಡುಗುವ ಕೈ, ಬಾಯಿಗೆ ಬಂದೂ ಬಾರದ ಮಾತು.

‘ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ’ಯ ಬಲದೇವ್ ಸಿಂಗ್ ಎಲ್ಲರಿಗೂ ಗೊತ್ತು. ಸಿನಿಮಾ ಶುರುವಾಗುವುದೇ ಅವರಿಂದ, ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಪಾರಿವಾಳಗಳಿಗೆ ಕಾಳು ಹಾಕುತ್ತಾ ಪಂಜಾಬನ್ನು ನೆನೆಯುವ ಮನುಷ್ಯ. ಕೊನೆಗೆ ರೈಲು ಹೊರಟಾಗ ಮಗಳ ಕೈ ಬಿಗಿಯಾಗಿ ಹಿಡಿದಿರುತ್ತಾರೆ. ಆಮೇಲೆ ಬಿಡುತ್ತಾರೆ. ‘ಜಾ ಸಿಮ್ರನ್’ ಎಂಬ ಮಾತಿಗಿಂತ ಮುಂಚೆ ಮುಖದಲ್ಲಿ ಆಗುವ ಬದಲಾವಣೆಯನ್ನು ನೋಡಿ. ಮೂರು ಗಂಟೆ ಗಟ್ಟಿಯಾಗಿ ಕಟ್ಟಿದ ಗೋಡೆ ಅದು. ಅವರು ಮೊದಲು ಸ್ವಲ್ಪ ಮೆತ್ತಗೆ ಆಡಿದ್ದರೂ ಆ ಕೊನೆಯ ಕ್ಷಣಕ್ಕೆ ಬೆಲೆ ಇರುತ್ತಿರಲಿಲ್ಲ.

ಹಾಸ್ಯವೂ ಬರುತ್ತಿತ್ತು. ‘ಚಾಚಿ 420’ಯಲ್ಲಿ ಸೀರೆ ಉಟ್ಟ ಕಮಲ್ ಹಾಸನ್‌ಗೆ ಮನಸೋಲುವ ಸಿಡುಕು ಮಾವನಾಗಿ ನಗಿಸುತ್ತಾರೆ, ಮುಖ ಗಂಭೀರವಾಗಿಟ್ಟುಕೊಂಡೇ.

ಯಾವ ಯಾವ ಪ್ರಶಸ್ತಿ ಬಂದಿದೆ?

‘ಮೇರಿ ಜಂಗ್’, ‘ಘಾತಕ್’, ‘ವಿರಾಸತ್’ ಮೂರಕ್ಕೂ ಪೋಷಕ ನಟನ ಫಿಲ್ಮ್‌ಫೇರ್. ಮೊದಲನೆಯದು ವಿಲನ್ ವಕೀಲ, ಉಳಿದ ಎರಡೂ ಅಪ್ಪನ ಪಾತ್ರ. ಇವೆಲ್ಲಕ್ಕಿಂತ ಮುಂಚೆ, 1979ರಲ್ಲಿ, ನಾಟಕದ ಅಭಿನಯಕ್ಕಾಗಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ.

ಎಷ್ಟೇ ಆದರೂ ಪೋಷಕ ನಟ ಅಂದ್ರೆ ಹೀರೋಗಿಂತ ಒಂದು ಮೆಟ್ಟಿಲು ಕೆಳಗೆ ಅಲ್ವಾ?

ಸಂಭಾವನೆಯಲ್ಲಿ, ಪೋಸ್ಟರಿನಲ್ಲಿ ಹೌದು. ಕೆಲಸದಲ್ಲಿ ಅಲ್ಲ. ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಒಬ್ಬ ಹೀರೋ ಎಷ್ಟು ದೊಡ್ಡವನು ಅಂತ ನಮಗೆ ಗೊತ್ತಾಗುವುದು ಅವನ ಎದುರಿಗೆ ಯಾರಿದ್ದಾರೆ ಎಂಬುದರಿಂದ. ‘ದಾಮಿನಿ’ಯ ಕೋರ್ಟ್ ದೃಶ್ಯಗಳನ್ನು ತೆಗೆದುಕೊಳ್ಳಿ. ಎಲ್ಲರೂ ಸನ್ನಿ ಡಿಯೋಲ್ ಅವರ ಅಬ್ಬರವನ್ನು ನೆನಪಿಟ್ಟುಕೊಂಡಿದ್ದಾರೆ. ಆದರೆ ಆ ಅಬ್ಬರಕ್ಕೆ ಅರ್ಥ ಬರುವುದು ಎದುರಿಗೆ ವಕೀಲ ಚಡ್ಡಾ ಆಗಿ ಪುರಿ ಇರುವುದರಿಂದ. ಅದಕ್ಕೂ ಮುಂಚೆ ಅವರು ದಾಮಿನಿಯನ್ನು ಪ್ರಶ್ನೆ ಮಾಡಿ ಮಾಡಿ ಹಣ್ಣು ಮಾಡಿರುತ್ತಾರೆ. ಕಾನೂನು ಗೊತ್ತಿರುವವನ, ಗೆದ್ದೇ ಅಭ್ಯಾಸವಿರುವವನ ದರ್ಪ ಅದು. ಅದನ್ನು ನೋಡಿ ನಮಗೆ ಮೈ ಉರಿದಿರುತ್ತದೆ. ಇನ್ನೊಬ್ಬ ವಕೀಲ ಎದ್ದು ನಿಂತಾಗ ಚಪ್ಪಾಳೆ ಬೀಳುವುದು ಅದಕ್ಕೇ.

‘ನಾಯಕ್’ನ ಟಿವಿ ಸಂದರ್ಶನವೂ ಹಾಗೇ. ಪತ್ರಕರ್ತ ಅನಿಲ್ ಕಪೂರ್ ಪ್ರಶ್ನೆ ಕೇಳುತ್ತಾ ಹೋಗುತ್ತಾರೆ, ಮುಖ್ಯಮಂತ್ರಿ ಪುರಿ ಉತ್ತರಿಸುತ್ತಾರೆ. ಮೊದಲು ದೊಡ್ಡವರ ನಗು. ಆಮೇಲೆ ನಗು ಉಳಿದು ಕಣ್ಣು ಗಟ್ಟಿಯಾಗುತ್ತದೆ. ಆಮೇಲೆ ನಗುವೂ ಇಲ್ಲ. ಗೆಲ್ಲುತ್ತಿರುವುದು ಹೀರೋ, ಆದರೆ ಆ ಗೆಲುವನ್ನು ನಮಗೆ ಕಾಣಿಸುತ್ತಿರುವುದು ಸೋಲುತ್ತಿರುವವನ ಮುಖ. ಎದುರಾಳಿಗೆ ತೂಕ ಕೊಡುವುದು ಅಂದರೆ ಇದು. ಪುರಿ ಜೀವನಪೂರ್ತಿ ಮಾಡಿದ್ದು ಇದನ್ನೇ.

## ಅಭಿನಯದ ಒಳಗೆ

ಆ ದನಿ ದೇವರು ಕೊಟ್ಟಿದ್ದಾ, ಸಾಧನೆ ಮಾಡಿದ್ದಾ?

ಗಂಟಲು ಹುಟ್ಟಿನಿಂದ ಬಂದದ್ದು. ಅದನ್ನು ಬಳಸುವುದು ನಾಟಕದಿಂದ ಬಂದದ್ದು. ದುಬೆ ಅವರ ರಂಗಭೂಮಿಯಲ್ಲಿ ಮಾತೇ ಮುಖ್ಯ. ದೊಡ್ಡ ಸೆಟ್ಟಿಲ್ಲ, ಜಗಮಗಿಸುವ ಉಡುಪಿಲ್ಲ. ಕಾರ್ನಾಡರ ‘ಹಯವದನ’ದಂಥ ನಾಟಕಗಳನ್ನು ಅವರು ಹಿಂದಿಯಲ್ಲಿ ಆಡಿಸಿದರು, ಪುರಿ ಅದರಲ್ಲಿದ್ದರು. ಮೋಹನ್ ರಾಕೇಶ್ ಅವರ ‘ಆಧೇ ಅಧೂರೆ’ಯಲ್ಲಿ ಒಬ್ಬನೇ ನಟ ಐದು ಗಂಡಸರ ಪಾತ್ರ ಮಾಡಬೇಕು. ಕೋಟು ಬದಲಾಗುತ್ತದೆ, ಆಳು ಅದೇ. ಪುರಿ ಅದನ್ನು ಮಾಡಿದರು. ಕೈಲಾಗದ ಗಂಡ, ಜಂಬದ ಮೇಲಧಿಕಾರಿ, ಹಳೆಯ ಪ್ರೇಮಿ, ಹೀಗೆ ಒಂದೇ ಸಂಜೆಯಲ್ಲಿ. ಒಂದೇ ಗಂಟಲಿನಿಂದ ಐದು ಜನರನ್ನು ಹೊರಡಿಸಬೇಕಾದರೆ ದನಿಯ ಏರಿಳಿತ, ವೇಗ, ಉಸಿರು ಎಲ್ಲದರ ಮೇಲೂ ಹಿಡಿತ ಬೇಕು.

ಇನ್ನೊಂದು ವಿಷಯವನ್ನು ಜನ ಗಮನಿಸುವುದಿಲ್ಲ. ಆ ಕಾಲದ ಹಿಂದಿ ಸಿನಿಮಾಗಳಲ್ಲಿ ಚಿತ್ರೀಕರಣದ ಜಾಗದ ದನಿ ಇರುತ್ತಿದ್ದದ್ದು ಅಪರೂಪ. ಎಲ್ಲ ಮುಗಿದ ಮೇಲೆ ನಟರು ಡಬ್ಬಿಂಗ್ ಸ್ಟುಡಿಯೋದ ಕತ್ತಲಲ್ಲಿ ನಿಂತು, ಪರದೆಯ ಮೇಲಿನ ತಮ್ಮದೇ ತುಟಿ ನೋಡಿಕೊಂಡು ಮತ್ತೆ ಮಾತಾಡಬೇಕು. ತಿಂಗಳುಗಳ ಹಿಂದಿನ ಕೋಪವನ್ನು ಅಲ್ಲಿ ಮತ್ತೆ ತರಬೇಕು. ತುಂಬ ನಟರ ಮಾತು ಅಲ್ಲೇ ಸಪ್ಪೆಯಾಗುತ್ತಿತ್ತು. ನಾಟಕದವರಿಗೆ ಒಂದೇ ಮಾತನ್ನು ದಿನಾ ಹೊಸದಾಗಿ ಹೇಳಿ ಅಭ್ಯಾಸ. ಪುರಿ ಅವರ ಸಂಭಾಷಣೆ ಇವತ್ತಿಗೂ ಕಿವಿಗೆ ತಾಜಾ ಕೇಳುವುದಕ್ಕೆ ಇದೂ ಒಂದು ಕಾರಣ.

ನಮ್ಮ ವಜ್ರಮುನಿ ದೊಡ್ಡವರಾ, ಅಮರೀಶ್ ಪುರಿನಾ? ನೇರವಾಗಿ ಹೇಳಿ.

ಕನ್ನಡದವರು ಕೇಳದೇ ಬಿಡದ ಪ್ರಶ್ನೆ. ನೇರವಾಗಿಯೇ ಹೇಳುತ್ತೇನೆ: ನಮ್ಮೊಳಗೆ ಭಯ ಹುಟ್ಟಿಸುವುದರಲ್ಲಿ ವಜ್ರಮುನಿ ಯಾರಿಗೂ ಕಡಿಮೆ ಇಲ್ಲ. ಪಾತ್ರಗಳ ವೈವಿಧ್ಯ ಪುರಿ ಅವರಿಗೆ ಜಾಸ್ತಿ ಸಿಕ್ಕಿತು. ಅದಕ್ಕೆ ಕಾರಣ ಪ್ರತಿಭೆಯಲ್ಲ, ಅವಕಾಶ.

ಇಬ್ಬರೂ ನಾಟಕದಿಂದ ಬಂದವರು, ಆದರೆ ಬೇರೆ ಬೇರೆ ನಾಟಕದಿಂದ. ವಜ್ರಮುನಿ ‘ಪ್ರಚಂಡ ರಾವಣ’ನಾಗಿ ಮೆರೆದವರು. ಅಲ್ಲಿ ಕೊನೆಯ ಸಾಲಿನಲ್ಲಿ ಕೂತವನಿಗೂ ರಾವಣನ ಹುಬ್ಬು ಕಾಣಬೇಕು, ಅವನ ನಗು ಕೇಳಬೇಕು. ಆ ಹಿಗ್ಗಿದ ಅಭಿನಯವನ್ನು ವಜ್ರಮುನಿ ಹಾಗೇ ಸಿನಿಮಾಕ್ಕೆ ತಂದರು. ‘ಸಂಪತ್ತಿಗೆ ಸವಾಲ್’ನಲ್ಲಿ ರಾಜ್‌ಕುಮಾರ್ ಎದುರು ನಿಂತಾಗ ಆ ಕಣ್ಣುಗಳನ್ನು ನೋಡಿ. ಪುರಿ ಬಂದದ್ದು ಚಿಕ್ಕ ಸಭಾಂಗಣದ ಹೊಸ ನಾಟಕದಿಂದ. ಅಲ್ಲಿ ಪ್ರೇಕ್ಷಕ ಹತ್ತಿರದಲ್ಲೇ ಕೂತಿರುತ್ತಾನೆ, ತಡೆದಿಟ್ಟುಕೊಳ್ಳುವುದೇ ಜಾಣತನ. ಒಬ್ಬರು ಸಿಟ್ಟನ್ನು ಉಕ್ಕಿಸಿ ತೋರಿಸಿದರು, ಇನ್ನೊಬ್ಬರು ಅದುಮಿ ತೋರಿಸಿದರು.

ಪುಟ್ಟಣ್ಣನವರ ಮಾತು ಮೇಲೆ ಬಂತಲ್ಲ, ಇಲ್ಲೂ ಬರುತ್ತದೆ. ವಜ್ರಮುನಿ ತೆರೆಗೆ ಬಂದದ್ದು 1969ರಲ್ಲಿ, ಪುಟ್ಟಣ್ಣನವರ ‘ಮಲ್ಲಮ್ಮನ ಪವಾಡ’ದಿಂದ. ಅಂದರೆ ಎರಡು ಭಾಷೆಯ ಇಬ್ಬರು ದೊಡ್ಡ ಖಳನಟರಿಗೆ ಬಾಗಿಲು ತೆರೆದದ್ದು ಒಂದು ರೀತಿಯಲ್ಲಿ ಒಬ್ಬರೇ. ಒಬ್ಬರಿಗೆ ನೇರವಾಗಿ, ಇನ್ನೊಬ್ಬರಿಗೆ ಕಥೆಯ ಮೂಲಕ.

ಎಷ್ಟೋ ಕೆಟ್ಟ ಸಿನಿಮಾಗಳಲ್ಲೂ ಇದ್ದಾರಲ್ಲ? ಪ್ರತಿಭೆ ವ್ಯರ್ಥ ಆಯ್ತು ಅನ್ಸಲ್ವಾ?

ಕೆಟ್ಟ ಸಿನಿಮಾಗಳು ಇವೆ. ಒಂ‌ದೇ ಅಚ್ಚಿನ ಠಾಕೂರ್, ಒಂದೇ ಅಚ್ಚಿನ ಸ್ಮಗ್ಲರ್, ಕೊನೆಯ ಹದಿನೈದು ನಿಮಿಷ ಹೊಡೆತ ತಿನ್ನುವ ಕೆಲಸ. ಬರವಣಿಗೆ ಇಲ್ಲದ ಕಡೆ ಪುರಿ ವೇಷ, ಪದೇ ಪದೇ ಹೇಳುವ ಒಂದು ಮಾತು, ಹುಬ್ಬು ಇವುಗಳ ಮೇಲೆ ಭಾರ ಹಾಕುತ್ತಿದ್ದರು. ಅದು ಕಾಣುತ್ತದೆ.

ಆದರೆ ವ್ಯರ್ಥ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಮಸಾಲೆ ಸಿನಿಮಾದ ದುಡಿಮೆಯ ನಡುವೆಯೇ ಗೋವಿಂದ್ ನಿಹಲಾನಿಯ ‘ತಮಸ್’ಗೆ, ಬೆನೆಗಲ್ ಅವರ ‘ಸೂರಜ್ ಕಾ ಸಾತ್ವಾಂ ಘೋಡಾ’ಕ್ಕೆ ಬಂದು ಹೋಗಿದ್ದಾರೆ. ಹಳೆಯ ಗೆಳೆಯರು ಕರೆದಾಗ ಇಲ್ಲ ಅಂದಿಲ್ಲ. ಇಪ್ಪತ್ತು ವರ್ಷ ಗುಮಾಸ್ತೆಯಾಗಿ ಕಾದವರು ನಲವತ್ತೆಂಟರಲ್ಲಿ ಬಂದ ಕೆಲಸವನ್ನು ಆರಿಸಿ ಆರಿಸಿ ಬಿಡಬೇಕಿತ್ತು ಅಂತ ಹೇಳಲು ನನಗೆ ಮನಸ್ಸು ಬರುವುದಿಲ್ಲ.

ತೀರಿಕೊಂಡಿದ್ದು ಹೇಗೆ?

ರಕ್ತಕ್ಕೆ ಸಂಬಂಧಪಟ್ಟ ಕಾಯಿಲೆಯಿಂದ. 2005ರ ಜನವರಿ 12ರಂದು ಮುಂಬೈಯಲ್ಲಿ, 72ನೇ ವಯಸ್ಸಿನಲ್ಲಿ. ಹಿಂದಿನ ವರ್ಷವಷ್ಟೇ ‘ಮುಝ್‌ಸೆ ಶಾದಿ ಕರೋಗಿ’, ‘ಹಲ್‌ಚಲ್’ ಚಿತ್ರಗಳಲ್ಲಿ ನಗಿಸಿದ್ದರು. ಸುಭಾಷ್ ಘಾಯ್ ಅವರ ‘ಕಿಸ್ನಾ’ ಅವರು ಹೋದ ಮೇಲೆ ತೆರೆ ಕಂಡಿತು.

ಈಗ ಅಂಥ ವಿಲನ್‌ಗಳು ಯಾಕಿಲ್ಲ?

ನಟರಿಲ್ಲ ಅಂತಲ್ಲ, ಜಾಗ ಇಲ್ಲ. 1990ರ ದಶಕದಲ್ಲೇ ಹೀರೋಗಳು ಕೆಟ್ಟವರಾಗಿ ನಟಿಸಲು ಶುರು ಮಾಡಿದರು, ‘ಬಾಜಿಗರ್’, ‘ಡರ್’ ಕಾಲದಿಂದ. ಸ್ಟಾರ್‌ಗಳೇ ಖಳರಾದಾಗ ಖಳನಟನ ಕೆಲಸ ಕಡಿಮೆಯಾಯಿತು. ಹಳ್ಳಿ ಜಮೀನ್ದಾರ, ಸ್ಮಗ್ಲರ್ ಕಥೆಗಳೂ ಹಿಂದೆ ಸರಿದವು. ಪುರಿ ಅದನ್ನು ಬೇಗ ಅರ್ಥಮಾಡಿಕೊಂಡರು ಅನಿಸುತ್ತದೆ. 1995ರಲ್ಲೇ ‘ಕರಣ್ ಅರ್ಜುನ್’ನ ಠಾಕೂರ್ ದುರ್ಜನ್ ಸಿಂಗ್, ಅದೇ ವರ್ಷ ಸಿಮ್ರನ್ನಳ ಅಪ್ಪ. ಒಂದು ಕಾಲು ಹಳೆಯ ಕಾಲದಲ್ಲಿ, ಇನ್ನೊಂದು ಹೊಸದರಲ್ಲಿ.

ನಾನು ಹವ್ಯಾಸಿ ನಾಟಕ ತಂಡದಲ್ಲಿದ್ದೀನಿ. ಅವರ ಅಭಿನಯ ಕಲಿಯೋಕೆ ಯಾವ ಸಿನಿಮಾ, ಹೇಗೆ ನೋಡಲಿ?

‘ಮಿಸ್ಟರ್ ಇಂಡಿಯಾ’ದಿಂದ ಶುರು ಮಾಡಬೇಡಿ. 1977ರ ‘ಭೂಮಿಕಾ’ ಹುಡುಕಿ. ಸಿನಿಮಾ ನಟಿ ಊರ್ವಶಿಯಾಗಿ ಸ್ಮಿತಾ ಪಾಟೀಲ್. ಎಲ್ಲ ಸಾಕಾಗಿ, ಶ್ರೀಮಂತ ವಿನಾಯಕ ಕಾಳೆಯ ದೊಡ್ಡ ಮನೆಗೆ ಬಂದು ಇರುತ್ತಾಳೆ. ಕಾಳೆ ಮರ್ಯಾದಸ್ಥ, ಪ್ರೀತಿಯಿಂದಲೇ ನಡೆಸಿಕೊಳ್ಳುತ್ತಾನೆ. ಒಂದು ದಿನ ಮನೆಯ ಹುಡುಗನನ್ನು ಜಾತ್ರೆಗೆ ಕರೆದುಕೊಂಡು ಹೋಗಲು ಹೊರಟಾಗ ಅವಳನ್ನು ತಡೆಯುತ್ತಾರೆ. ಈ ಮನೆಯ ಹೆಂಗಸರು ಹೊರಗೆ ಹೋಗುವ ಹಾಗಿಲ್ಲ. ಕಾಳೆ ಅದನ್ನು ಹೇಳುವಾಗ ಅವನಿಗೆ ಸಿಟ್ಟೇ ಇಲ್ಲ.

ಆ ಭಾಗವನ್ನು ಮೊದಲು ದನಿ ನಿಲ್ಲಿಸಿ ನೋಡಿ. ಅವರ ಭುಜ, ಕತ್ತು, ಕೈ ಎಷ್ಟು ಕಡಿಮೆ ಆಡುತ್ತವೆ ಗಮನಿಸಿ. ಆಮೇಲೆ ಕಣ್ಣು ಮುಚ್ಚಿ ಕೇಳಿ, ಯಾವ ಪದಕ್ಕೂ ಒತ್ತು ಇಲ್ಲ. ಮೂರನೇ ಸಲ ಸ್ಮಿತಾ ಅವರ ಮುಖ ಮಾತ್ರ ನೋಡಿ. ಆಮೇಲೆ ‘ಮಂಥನ್’, ‘ಕಾಡು’, ‘ಗರ್ದಿಶ್’ ಈ ಕ್ರಮದಲ್ಲಿ ಹೋಗಿ. ಮೊಗ್ಯಾಂಬೋನನ್ನು ಕೊನೆಗೆ ಇಟ್ಟುಕೊಳ್ಳಿ. ಆಗ ಸಿಂಹಾಸನದ ಮೇಲೆ ಕೂತಿರುವವನಲ್ಲೂ ಕಾಳೆಯ ಅದೇ ತಣ್ಣನೆಯ ಹಿಡಿತ ಕಾಣುತ್ತದೆ.